ತೂಕದ ಚೀಟಿಯಲ್ಲಿ ಒಡೆದ ಒತ್ತಕ್ಷರ: ಲಿನಕ್ಸ್ ಪ್ಯಾಕೇಜಿನ ಕಾಣದ ಅವಲಂಬನೆಗಳು

ಸಿದ್ದಾಪುರದ ಒಂದು ಅಡಿಕೆ ವಖಾರಿಯಿಂದ ವಾಟ್ಸಾಪ್‌ಗೆ ಫೋಟೊ ಬಂತು. ತೂಕದ ಚೀಟಿ, ನಾನು ಬರೆದುಕೊಟ್ಟ ಸಾಫ್ಟ್‌ವೇರ್ ಮುದ್ರಿಸಿದ್ದು. ಅಡಿಕೆಯ ಒಂದು ಬಗೆಯಾದ ‘ತಟ್ಟಿಬೆಟ್ಟೆ’ ಇರಬೇಕಾದಲ್ಲಿ ‘ತಟ್‌ಟಿಬೆಟ್‌ಟೆ’ ಎಂದಿತ್ತು. ‘ಒಟ್ಟು’ ಕೂಡ ‘ಒಟ್‌ಟು’. ಗುಡಿಸು, ಏತ್ವಗಳೆಲ್ಲ ಅಕ್ಷರದ ಮೈಬಿಟ್ಟು ಪಕ್ಕದಲ್ಲಿ ಬೇರೆಯಾಗಿ ನಿಂತಿದ್ದವು. ಫೋಟೊದ ಕೆಳಗೆ ಒಂದೇ ಸಾಲು: ‘ತೂಕ ಸರಿ ಇದ್ದು, ಅಕ್ಷರಕ್ಕೆ ಎಂತದೋ ಆಯ್ದು ಮಾರಾಯ.’

ಶಿರಸಿಯಲ್ಲಿ ನನ್ನ ಮೇಜಿನ ಮೇಲೆ ಅದೇ ಪ್ಯಾಕೇಜು (ಇನ್‌ಸ್ಟಾಲ್ ಮಾಡಲು ಸಾಫ್ಟ್‌ವೇರನ್ನು ಕಟ್ಟಿಕೊಡುವ ಗಂಟು), ಅದೇ ಮಾದರಿಯ ಪ್ರಿಂಟರು, ಅದೇ ‘ನವಿಲು’ ಫಾಂಟು. ಚೀಟಿ ಚೆಂದವಾಗಿ ಬರುತ್ತಿತ್ತು. ವಖಾರಿಯ ಯಂತ್ರದಲ್ಲಿ ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇಲ್ಲ. ಮೊದಲ ದಿನ ಫಾಂಟನ್ನು ಬೈದೆ. ನವಿಲು ತೆಗೆದು ಗುಬ್ಬಿ ಹಾಕಿಸಿದೆ, ಗುಬ್ಬಿ ತೆಗೆದು ಲೋಹಿತ್ ಹಾಕಿಸಿದೆ. ಮೂರರಲ್ಲೂ ಅಕ್ಷರ ಒಡೆದೇ ಬಂತು. ಎರಡನೆಯ ದಿನ ಪ್ರಿಂಟರನ್ನು ಬೈದೆ. ಮೂರನೆಯ ದಿನ ಬೈಸಿಕೊಳ್ಳಬೇಕಾದವನು ನಾನೇ ಎಂದು ಗೊತ್ತಾಯಿತು.

ಆದದ್ದು ಇಷ್ಟು. ಥರ್ಮಲ್ ಪ್ರಿಂಟರುಗಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಹಾಗಾಗಿ ಚೀಟಿಯನ್ನು ಚಿತ್ರವಾಗಿ ಬಿಡಿಸಿ ಕಳಿಸಬೇಕು. ಪೈಥಾನ್‌ನಲ್ಲಿ ಆ ಕೆಲಸಕ್ಕೆ ಪಿಲ್ಲೋ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡು, ಇದೆ. (ಇದಕ್ಕೆ ‘ಗ್ರಂಥಾಲಯ’ ಎಂದು ಬರೆದರೆ ಓದುಗರು ಪೇಪರ್ ಓದುವ ಜಾಗಕ್ಕೆ ಹೋಗಿಬಿಡುತ್ತಾರೆ, ಲೈಬ್ರರಿ ಎಂದೇ ಇರಲಿ.) ಕನ್ನಡದ ಒತ್ತು, ಗುಣಿತಗಳನ್ನು ಜೋಡಿಸುವುದು ಪಿಲ್ಲೋಗೆ ತಾನಾಗಿ ಬರುವುದಿಲ್ಲ. ಅದು ರಾಕ್ಮ್ ಎಂಬ ಇನ್ನೊಂದು ಲೈಬ್ರರಿಯನ್ನು ಕೇಳುತ್ತದೆ. ರಾಕ್ಮ್ ಹಾರ್ಫ್‌ಬಜ್ ಮತ್ತು ಫ್ರಿಬಿಡಿ ಎಂಬ ಇಬ್ಬರನ್ನು ನೆಚ್ಚಿದೆ. ಅಕ್ಷರ ಜೋಡಿಸುವ ನಿಜವಾದ ಅಕ್ಕಸಾಲಿಗ ಹಾರ್ಫ್‌ಬಜ್. ಫ್ರಿಬಿಡಿಯ ಕೆಲಸ ಬೇರೆ: ಬಲದಿಂದ ಎಡಕ್ಕೆ ಓಡುವ ಅರೇಬಿಕ್, ಹೀಬ್ರೂ, ಉರ್ದು ಸಾಲುಗಳನ್ನು ಸರಿಯಾದ ಕ್ರಮದಲ್ಲಿ ಕೂರಿಸುವುದು. ಭಟ್ಕಳದ ಅಂಗಡಿಗೆ ಉರ್ದು ಬೋರ್ಡು ಮಾಡಿಕೊಡುವವರಿಗೆ ಅದು ಬೇಕು, ಸಿದ್ದಾಪುರದ ಅಡಿಕೆ ಚೀಟಿಗೆ ಬೇಕಿಲ್ಲ. ಆದರೆ ಫ್ರಿಬಿಡಿ ಸಿಗದಿದ್ದರೆ ರಾಕ್ಮ್ ಏಳುವುದೇ ಇಲ್ಲ.

ಪೈಥಾನ್ ಲೈಬ್ರರಿಗಳನ್ನು ತಂದುಕೊಡುವ ಪಿಪ್ ಮೂಲಕ ಸಿಗುವ ಪಿಲ್ಲೋದ ಸಿದ್ಧ ಕಟ್ಟಿನೊಳಗೆ, 8.2ನೇ ಆವೃತ್ತಿಯಿಂದ ಈಚೆಗೆ, ರಾಕ್ಮ್ ಸೇರಿಕೊಂಡಿದೆ. ಫ್ರಿಬಿಡಿ ಸೇರಿಲ್ಲ. ಪ್ರೋಗ್ರಾಂ ಓಡುವಾಗ ಅದು ಆ ಯಂತ್ರದಲ್ಲಿದೆಯೇ ಎಂದು ಹುಡುಕಲಾಗುತ್ತದೆ. ಸಿಕ್ಕರೆ ಸರಿ; ಸಿಗದಿದ್ದರೆ ಪಿಲ್ಲೋ ತಕರಾರು ಮಾಡದೆ ಹಳೆಯ ಸರಳ ವಿಧಾನಕ್ಕೆ, ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕಕ್ಕೆ, ಇಳಿಯುತ್ತದೆ. ಇಂಗ್ಲಿಷಿಗೆ ಅದರಿಂದ ಏನೂ ಆಗುವುದಿಲ್ಲ. ಕನ್ನಡದ ಮುಖ ಒಡೆಯುತ್ತದೆ.

ಹಾಗಾದರೆ ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಬಂದದ್ದು ಹೇಗೆ? ಅಲ್ಲಿ ಡೆಸ್ಕ್‌ಟಾಪ್, ಅಂದರೆ ಕಿಟಕಿ, ಐಕಾನುಗಳ ಪರದೆ, ಇದೆ. ಡೆಸ್ಕ್‌ಟಾಪಿನ ಅಕ್ಷರಗಳಿಗೆ ಪ್ಯಾಂಗೊ ಎಂಬ ಲೈಬ್ರರಿ ಬೇಕು, ಪ್ಯಾಂಗೊಗೆ ಫ್ರಿಬಿಡಿ ಬೇಕು. ನಾನು ಕರೆಯದೆಯೇ ಅದು ಬಂದು ಕೂತಿತ್ತು. ವಖಾರಿಯದು ಹಳೆಯ ಪಿಸಿ. ಮೆಮೊರಿ ಸಾಲದೆಂದು ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದವನೂ ನಾನೇ. ಪರಿಹಾರ, ಪ್ಯಾಕೇಜು ತನಗೆ ಬೇಕಾದ ಬೇರೆ ಪ್ಯಾಕೇಜುಗಳನ್ನು ಹೇಳುವ ‘ಡಿಪೆಂಡ್ಸ್’ ಸಾಲಿನಲ್ಲಿ ಒಂದು ಪದ: ಲಿಬ್‌ಫ್ರಿಬಿಡಿ0. ಉರ್ದುವಿಗೆಂದು ಇರುವ ಲೈಬ್ರರಿ ಇಲ್ಲದ್ದಕ್ಕೆ ಕನ್ನಡದ ಒತ್ತು ಒಡೆದಿತ್ತು.

ಇಂಥ ತಲೆನೋವು ಈಗ ನನ್ನೊಬ್ಬನದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಮಿಂಟ್, ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ವಿತರಣೆಗಳನ್ನು ಹಾಕಿಕೊಂಡು ಕೆಲಸ ಮುಂದುವರಿಸುವುದು ಸಣ್ಣ ಕಚೇರಿಗಳಿಗೆ ನಿಜವಾದ ಆಯ್ಕೆಯಾಗಿದೆ. ಆಪರೇಟಿಂಗ್ ಸಿಸ್ಟಂ ಬದಲಿಸುವುದು ಅರ್ಧ ದಿನದ ಕೆಲಸ. ಅದರ ಮೇಲೆ ಓಡಬೇಕಾದ ನಮ್ಮ ಪುಟ್ಟ ಕನ್ನಡ ಸಾಫ್ಟ್‌ವೇರುಗಳನ್ನು ಕಟ್ಟಿಕೊಡುವುದೇ ಕಷ್ಟ, ಆ ಕಷ್ಟದ ಬಹುಪಾಲು ಅವಲಂಬನೆಗಳದು.

ಅವಲಂಬನೆ ಎಂದರೇನೆಂದು ಘಟ್ಟದ ಮೇಲಿನವರಿಗೆ ಹೆಚ್ಚು ಹೇಳಬೇಕಿಲ್ಲ. ಪಹಣಿಯಲ್ಲಿ ತೋಟ ಒಂದು ಎಕರೆ ಇರಬಹುದು. ಆ ತೋಟ ನಿಂತಿರುವುದು ಗೊಬ್ಬರಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟವನ್ನು ನೆಚ್ಚಿ. ನಮ್ಮ ಜಿಲ್ಲೆಯಲ್ಲಿ 1 ಎಕರೆ ಬಾಗಾಯ್ತಕ್ಕೆ 9 ಎಕರೆವರೆಗೂ ಬೆಟ್ಟದ ಸವಲತ್ತು ಇರುವುದು ಅದಕ್ಕೇ. ನನ್ನ ಚೀಟಿಯ ಪ್ರೋಗ್ರಾಂ ಸಾವಿರ ಸಾಲೂ ಇಲ್ಲ, ಅದರ ಬೆಟ್ಟ ದೊಡ್ಡದು: ಪೈಥಾನ್, ಪಿಲ್ಲೋ, ಫ್ರೀಟೈಪ್, ಹಾರ್ಫ್‌ಬಜ್, ಝಡ್‌ಲಿಬ್, ಎಲ್ಲಕ್ಕೂ ಬುಡದಲ್ಲಿ ಜಿಲಿಬ್‌ಸಿ ಎಂಬ ಸಿ ಭಾಷೆಯ ಮೂಲ ಲೈಬ್ರರಿ. ಈ ಬೆಟ್ಟಕ್ಕೆ ಬೇಲಿಯಿಲ್ಲ, ಯಂತ್ರದಲ್ಲಿರುವ ಎಲ್ಲ ಪ್ರೋಗ್ರಾಂಗಳೂ ಸೊಪ್ಪು ತರುವುದು ಅಲ್ಲಿಂದಲೇ. ಹೋಲಿಕೆ ಇಲ್ಲಿಗೆ ಸಾಕು. ಬೆಟ್ಟಕ್ಕೆ ಆವೃತ್ತಿ ಸಂಖ್ಯೆ ಇರುವುದಿಲ್ಲ, ಲೈಬ್ರರಿಗೆ ಇರುತ್ತದೆ, ಗೋಳು ಶುರುವಾಗುವುದೇ ಅಲ್ಲಿ.

ಪ್ರತಿ ಹಂಚಿಕೆಯ ಲೈಬ್ರರಿಗೂ ‘ಎಸ್ಒನೇಮ್’ ಎಂಬ ಹೆಸರಿರುತ್ತದೆ, ಹೆಸರಿನ ಬಾಲದಲ್ಲಿ ಒಂದು ಸಂಖ್ಯೆ. ಹಳೆಯ ಪ್ರೋಗ್ರಾಂಗಳು ಹೊಸ ಲೈಬ್ರರಿಯೊಂದಿಗೆ ಓಡಲಾರದಷ್ಟು ಬದಲಾವಣೆಯಾದರೆ ಆ ಸಂಖ್ಯೆ ಬದಲಾಗುತ್ತದೆ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 1.1 ಹೋಗಿ 3.0 ಬಂದಾಗ (2021ರ ಸೆಪ್ಟೆಂಬರ್) ಹೀಗೇ ಆಯಿತು. ಉಬುಂಟು 22.04ರಲ್ಲಿ ಅದರ ಹೊಸ ಪ್ಯಾಕೇಜು ಲಿಬ್‌ಎಸ್‌ಎಸ್‌ಎಲ್3 ಬಂತು, ಲಿಬ್‌ಎಸ್‌ಎಸ್‌ಎಲ್1.1 ಕಣದಿಂದಲೇ ಹೊರಗೆ ಹೋಯಿತು. ಹಳೆಯದನ್ನು ನೆಚ್ಚಿದ್ದ ಪ್ಯಾಕೇಜುಗಳು ಒಂದೇ ಸಲಕ್ಕೆ ಕೈಕೊಟ್ಟವು. ಆಗ ಎಲ್ಲೆಲ್ಲೂ ಸಿಗುತ್ತಿದ್ದ ಸಲಹೆ, ಹಳೆಯ ಆವೃತ್ತಿಯ ಭಂಡಾರದಿಂದ ಲಿಬ್‌ಎಸ್‌ಎಸ್‌ಎಲ್1.1ರ ಡೆಬ್ (ಡೆಬಿಯನ್ ಪ್ಯಾಕೇಜು) ಕಡತ ತಂದು ಕೈಯಾರೆ ಹಾಕಿ ಎಂಬುದು. ಹಾಕಿದರೆ ಪ್ರೋಗ್ರಾಂ ಓಡುತ್ತದೆ ನಿಜ. ಆದರೆ ಆ ಯಂತ್ರಕ್ಕೆ ಅಂದಿನಿಂದ ಯಾರೂ ತೇಪೆ ಹಾಕದ ಒಂದು ಗೂಢಲಿಪಿ ಲೈಬ್ರರಿ ಅಂಟಿಕೊಂಡಂತೆ. 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿನಲ್ಲೇ ಮುಗಿದಿದೆ. ನಾನು ಕಂಡ ಕೆಟ್ಟ ಸಲಹೆಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಡೆಬಿಯನ್ ಪದ್ಧತಿಯಲ್ಲಿ ಈ ಅವಲಂಬನೆಗಳನ್ನು ನಾವು ನೆನಪಿನಿಂದ ಬರೆಯಬೇಕಿಲ್ಲ. ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್ ಎಂಬ ಉಪಕರಣ ನಮ್ಮ ಬೈನರಿಯನ್ನು (ಕಂಪೈಲ್ ಮಾಡಿ ಯಂತ್ರ ಓಡಿಸುವ ರೂಪಕ್ಕೆ ತಂದ ಪ್ರೋಗ್ರಾಂ) ಬಿಚ್ಚಿ, ಅದು ಯಾವ ಎಸ್ಒನೇಮ್‌ಗಳನ್ನು ಕೇಳುತ್ತಿದೆ, ಪ್ರತಿ ಲೈಬ್ರರಿಯ ಎಷ್ಟನೇ ಆವೃತ್ತಿಯ ಸಂಕೇತಗಳನ್ನು ಬಳಸಿದೆ ಎಂದು ನೋಡಿ, ‘ಡಿಪೆಂಡ್ಸ್’ ಸಾಲನ್ನು ತಾನೇ ತುಂಬುತ್ತದೆ. ಇದನ್ನು ಬಿಟ್ಟು ಆ ಸಾಲಿರುವ ಕಂಟ್ರೋಲ್ ಕಡತವನ್ನು ಕೈಯಿಂದ ಬರೆದು ಸುತ್ತಿ ಕೊಡುವ ಸೋಮಾರಿತನವೂ ಒಂದಿದೆ. ಅದರ ಬೆಲೆ ಕುಮಟೆಯಲ್ಲಿ ತೆತ್ತೆ.

ಕುಮಟೆಯ ಯಂತ್ರದಲ್ಲಿದ್ದದ್ದು ಉಬುಂಟು 20.04. ತೂಕದ ಯಂತ್ರದಿಂದ ಸೀರಿಯಲ್ ತಂತಿಯಲ್ಲಿ ಅಂಕಿ ಓದುವ ಪುಟ್ಟ ಸಿ ಪ್ರೋಗ್ರಾಮನ್ನು ನನ್ನ 22.04 ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಕೊಟ್ಟಿದ್ದೆ. ಇನ್‌ಸ್ಟಾಲ್ ಆಯಿತು, ಓಡಿಸಿದರೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬ ಅರ್ಥದ ಸಂದೇಶ. 20.04ರಲ್ಲಿ ಇರುವುದು 2.31, 22.04ರಲ್ಲಿ 2.35. ನಾನು ಬಳಸಿದ್ದು ಫೈಲ್ ತೆರೆಯುವ, ಓದುವ ಅಜ್ಜನ ಕಾಲದ ಫಂಕ್ಷನ್‌ಗಳು ಮಾತ್ರ. ಆದರೂ ಯಾಕೆ? 2021ರ ಆಗಸ್ಟಿನಲ್ಲಿ ಬಂದ 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಮುಖ್ಯ ಸಿ ಲೈಬ್ರರಿಯೊಳಗೆ ಸೇರಿಸಿದರು. ಆ ಸುಮಾರಿಗೇ ಪ್ರತಿ ಪ್ರೋಗ್ರಾಂ ಶುರುವಾಗುವಾಗ ಕರೆಯುವ ಆರಂಭದ ಫಂಕ್ಷನ್‌ಗೂ ಹೊಸ ಆವೃತ್ತಿಯ ಗುರುತು ಬಂತು. ಹೀಗಾಗಿ ಏನೂ ಮಾಡದ ಖಾಲಿ ಪ್ರೋಗ್ರಾಮನ್ನು 22.04ರಲ್ಲಿ ಕಂಪೈಲ್ ಮಾಡಿದರೂ ಅದು 20.04ರಲ್ಲಿ ಏಳುವುದಿಲ್ಲ. ಉಪಕರಣದ ಕೈಗೆ ಲೆಕ್ಕ ಬಿಟ್ಟಿದ್ದರೆ ‘ಲಿಬ್‌ಸಿ6, ಕನಿಷ್ಠ 2.34’ ಎಂದು ಬರೆದಿರುತ್ತಿತ್ತು, ಇನ್‌ಸ್ಟಾಲ್ ಆಗುವಾಗಲೇ ಪ್ಯಾಕೇಜುಗಳನ್ನು ಹಾಕುವ ಆಪ್ಟ್ ತಡೆಯುತ್ತಿತ್ತು. ದೇವಿಮನೆ ಘಟ್ಟ ಇಳಿದು ಮಳೆಯಲ್ಲಿ ಹೋಗಿ ಬಂದೆ.

ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡದು, ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ; ಜಿಲಿಬ್‌ಸಿ ಆ ಮಾತನ್ನು ಬಹಳ ನಿಷ್ಠೆಯಿಂದ ಉಳಿಸಿಕೊಂಡು ಬಂದಿದೆ. ಆದ್ದರಿಂದ ನಾವು ತಲುಪಬೇಕಾದ ಯಂತ್ರಗಳಲ್ಲಿ ಅತಿ ಹಳೆಯದು ಯಾವುದೋ ಅದರಲ್ಲಿ ಕಂಪೈಲ್ ಮಾಡಬೇಕು. ಅದಕ್ಕೆ ಹಳೆಯ ಕಂಪ್ಯೂಟರು ಬೇಕಿಲ್ಲ, ಅದೇ ಯಂತ್ರದಲ್ಲಿ ಇನ್ನೊಂದು ಲಿನಕ್ಸನ್ನು ಪ್ರತ್ಯೇಕವಾಗಿ ಇಡುವ ಕಂಟೇನರ್ ಸಾಕು. ಕುಮಟೆಗಾಗಿ ಡೆಬಿಯನ್ 11ರ ಕಂಟೇನರಿನಲ್ಲಿ ಮತ್ತೆ ಕಟ್ಟಿದೆ, ಅಲ್ಲಿಯೂ ಜಿಲಿಬ್‌ಸಿ ಅದೇ 2.31. ಪೈಥಾನ್ ಲೋಕದ ‘ಮೆನಿಲಿನಕ್ಸ್’ ಗುರುತುಗಳೂ ಇದೇ ಉಪಾಯದವು. ಮೆನಿಲಿನಕ್ಸ್2014 ಎಂದರೆ ಜಿಲಿಬ್‌ಸಿ 2.17 ಇದ್ದರೂ ಓಡುತ್ತೇನೆ ಎಂಬ ಭರವಸೆ.

ಶಿರಸಿಯವರಿಗೆ ಒಂದು ಲೆಕ್ಕ ಮರೆಯುವಂತಿಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024, 2026. ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಕೂಡ ಎರಡು ವರ್ಷಕ್ಕೊಮ್ಮೆ, ಅದೇ ವರ್ಷಗಳಲ್ಲಿ, ಏಪ್ರಿಲ್ ತಿಂಗಳಲ್ಲಿ. ಜಾತ್ರೆಯ ಪೇಟೆ ಏಳುವಾಗ ನನ್ನ ಪ್ಯಾಕೇಜುಗಳ ‘ಡಿಪೆಂಡ್ಸ್’ ಸಾಲನ್ನೂ ತಿರುವಿ ಹಾಕುವ ರೂಢಿ ಮಾಡಿಕೊಂಡಿದ್ದೇನೆ. 2024ರಲ್ಲಿ ಇದು ಹೆಚ್ಚೇ ಕಾಡಿತು. 32 ಬಿಟ್ ಸಮಯದ ಎಣಿಕೆ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆಂದು ಡೆಬಿಯನ್ ಮತ್ತು ಉಬುಂಟು ನೂರಾರು ಲೈಬ್ರರಿಗಳನ್ನು ಹೊಸದಾಗಿ ಕಟ್ಟಿ, ಪ್ಯಾಕೇಜಿನ ಹೆಸರಿಗೆ ‘ಟಿ64’ ಎಂಬ ಬಾಲ ಸೇರಿಸಿದವು. ಲಿಬ್‌ಎಸ್‌ಎಸ್‌ಎಲ್3 ಹೋಗಿ ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ನಮ್ಮ 64 ಬಿಟ್ ಯಂತ್ರಗಳಿಗೆ ಈ ತೊಂದರೆ ಇರಲೇ ಇಲ್ಲ. ಆದರೂ ಹೆಸರು ಅವಕ್ಕೂ ಬದಲಾಯಿತು.

ಇಷ್ಟೆಲ್ಲ ರಗಳೆ ಯಾಕೆ, ಬೇಕಾದ ಲೈಬ್ರರಿಗಳನ್ನೆಲ್ಲ ನಮ್ಮ ಪ್ಯಾಕೇಜಿನೊಳಗೇ ತುಂಬಿ ಕೊಟ್ಟರಾಗದೇ? ಆಗುತ್ತದೆ, ಮತ್ತು ಈಗ ಜಗತ್ತು ಹೆಚ್ಚಾಗಿ ಆ ಕಡೆಗೇ ವಾಲಿದೆ. ಬುತ್ತಿ ಕಟ್ಟಿಕೊಂಡು ಹೋದಂತೆ. ದಾರಿಯಲ್ಲಿ ಯಾವ ಹೋಟೆಲ್ ಮುಚ್ಚಿದ್ದರೂ ನಮಗೆ ಚಿಂತೆಯಿಲ್ಲ. ಬುತ್ತಿ ಹಳಸಿದರೆ ಯಾರು ನೋಡುತ್ತಾರೆ ಎಂಬುದು ಪ್ರಶ್ನೆ.

ಎರಡು ಘಟನೆಗಳನ್ನು ಪಕ್ಕಪಕ್ಕ ಇಡಬಹುದು. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಸರ್ವರಿನ ಮೆಮೊರಿಯಿಂದ ಗುಟ್ಟು ಸೋರುವಂಥ ಭಾರಿ ದೋಷ. ಆದರೂ ಲಿನಕ್ಸ್ ವಿತರಣೆಗಳ ಹಂಚಿಕೆಯ ಲೈಬ್ರರಿ ಬಳಸಿದ್ದವರಿಗೆ ಮದ್ದು ಸರಳವಾಗಿತ್ತು: ಒಂದು ಪ್ಯಾಕೇಜ್ ಅಪ್‌ಡೇಟ್, ಸೇವೆಗಳ ರೀಸ್ಟಾರ್ಟ್, ಕೀಲಿಗಳ ಬದಲಾವಣೆ. ಲೈಬ್ರರಿ ನೆಚ್ಚಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಮುಟ್ಟಬೇಕಾಗಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರದ ಲೈಬ್ರರಿಯಲ್ಲಿ ಅಷ್ಟೇ ಗಂಭೀರ ದೋಷ ಸಿಕ್ಕಿತು. ಕ್ರೋಮ್, ಫೈರ್‌ಫಾಕ್ಸ್, ಎಲೆಕ್ಟ್ರಾನ್ ಮೇಲೆ ಕಟ್ಟಿದ ಅಪ್ಲಿಕೇಶನ್‌ಗಳು, ಎಲ್ಲರ ಬುತ್ತಿಯಲ್ಲೂ ಅದರ ಒಂದೊಂದು ಪ್ರತಿ. ಪಿಲ್ಲೋದ ಪಿಪ್ ಕಟ್ಟಿನಲ್ಲೂ ಇತ್ತು, ಅವರು 10.0.1 ಎಂಬ ಆವೃತ್ತಿ ಹೊರಡಿಸಿ ಸರಿಪಡಿಸಿದರು. ನನ್ನ ಚೀಟಿಯ ಪ್ರೋಗ್ರಾಂ ವೆಬ್‌ಪಿ ಚಿತ್ರವನ್ನು ಮುಟ್ಟುವುದೇ ಇಲ್ಲ, ಆದರೂ ಆ ಲೈಬ್ರರಿ ವಖಾರಿಯ ಯಂತ್ರದಲ್ಲಿ ಕೂತಿತ್ತು. ಡೆಬಿಯನ್ ತನ್ನ ಲಿಬ್‌ವೆಬ್‌ಪಿಯನ್ನು ಸರಿಪಡಿಸಿತು, ಯಂತ್ರ ಅಪ್‌ಡೇಟ್ ಆಯಿತು, ನಾನು ತುಂಬಿಕೊಟ್ಟ ಪ್ರತಿ ಮಾತ್ರ ಹಳೆಯದೇ ಉಳಿಯಿತು. ಆಪ್ಟ್‌ಗೆ ಅದು ಅಲ್ಲಿದೆ ಎಂಬುದೇ ಗೊತ್ತಿಲ್ಲ. ತನ್ನ ಪ್ಯಾಕೇಜುಗಳಲ್ಲಿ ಇಂಥ ‘ಅನುಕೂಲದ ಪ್ರತಿ’ಗಳು ಬೇಡ ಎಂದು ಡೆಬಿಯನ್ ನಿಯಮಾವಳಿ ಹೇಳುವುದು ಮಡಿವಂತಿಕೆಯಿಂದಲ್ಲ.

ಆಪ್‌ಇಮೇಜ್, ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಮೂರೂ ಬುತ್ತಿಯ ಬೇರೆಬೇರೆ ಬಗೆಗಳು. ಆಪ್‌ಇಮೇಜ್ ಒಂದೇ ಕಡತ, ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ನೆಟ್‌ವರ್ಕ್ ಬಾರದ ಕೊಳ್ಳದ ಊರುಗಳಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಫ್ಲಾಟ್‌ಪ್ಯಾಕ್ ಮಧ್ಯದ ದಾರಿ ಹಿಡಿದಿದೆ. ಸಾಮಾನ್ಯ ಲೈಬ್ರರಿಗಳನ್ನು ‘ರನ್‌ಟೈಮ್’ ಎಂಬ ಹಂಚಿಕೆಯ ಕಟ್ಟಾಗಿ ಇಟ್ಟು ಅದನ್ನು ಬೇರೊಂದು ತಂಡ ನೋಡಿಕೊಳ್ಳುತ್ತದೆ, ನಮ್ಮದಷ್ಟೇ ನಾವು. ಯೋಚನೆ ಒಳ್ಳೆಯದು. ಮೊದಲ ಸಲ ನೂರಾರು ಎಂಬಿ ಇಳಿಸಿಕೊಳ್ಳಬೇಕು, ಆಷಾಢದಲ್ಲಿ ಕರೆಂಟೂ ಟವರೂ ಒಟ್ಟಿಗೆ ಇದ್ದ ಹೊತ್ತು ನೋಡಿ. ಆಪ್‌ಇಮೇಜ್‌ಗೆ ಇನ್ನೊಂದು ವಿಪರ್ಯಾಸ ಕಾದಿತ್ತು. ಯಾವ ಅವಲಂಬನೆಯೂ ಬೇಡ ಎನ್ನುವ ಅದಕ್ಕೆ ತನ್ನನ್ನು ತಾನು ತೆರೆದುಕೊಳ್ಳಲು ಲಿಬ್‌ಫ್ಯೂಸ್2 ಬೇಕಿತ್ತು, ಉಬುಂಟು 22.04 ಅದನ್ನು ಮೊದಲೇ ಹಾಕಿಕೊಡುವುದನ್ನು ನಿಲ್ಲಿಸಿತು. ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುತ್ತಿರಲಿಲ್ಲ.

ಕನ್ನಡಿಗರು ಬುತ್ತಿಯೊಳಗೆ ಇನ್ನೊಂದನ್ನು ನೋಡಲೇಬೇಕು. ಕಗಪ ವಿನ್ಯಾಸದಲ್ಲಿ ಟೈಪ್ ಮಾಡುವಾಗ ಕೀಲಿಮಣೆಯಿಂದ ಅಕ್ಷರ ಬರುವುದು ಹೆಚ್ಚಾಗಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ವ್ಯವಸ್ಥೆಗಳ ಮೂಲಕ. ಕ್ಯೂಟಿ ಎಂಬ ಪರಿಕರದಲ್ಲಿ ಬರೆದ ಅಪ್ಲಿಕೇಶನ್ ಐಬಸ್ ಜೊತೆ ಮಾತಾಡಲು ಒಂದು ಪುಟ್ಟ ಪ್ಲಗಿನ್ ಬೇಕು. ಆಪ್‌ಇಮೇಜ್ ಕಟ್ಟುವವರು ಅದನ್ನು ತುಂಬಲು ಮರೆತರೆ ಅಪ್ಲಿಕೇಶನ್ ಚೆನ್ನಾಗಿ ತೆರೆಯುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡ ಮಾತ್ರ ಮೂಡುವುದಿಲ್ಲ. ಕಟ್ಟಿದವರು ಕನ್ನಡ ಟೈಪ್ ಮಾಡುವವರಲ್ಲದಿದ್ದರೆ ಇದು ಅವರ ಗಮನಕ್ಕೂ ಬಾರದು.

ಫ್ರಿಬಿಡಿ ಮತ್ತು ಈ ಪ್ಲಗಿನ್, ಎರಡರಲ್ಲೂ ಇರುವುದು ಒಂದೇ ರೋಗ. ಇವು ಓಡುವಾಗ ಹುಡುಕಿ ತೆರೆಯುವ ಲೈಬ್ರರಿಗಳು, ಡಿಎಲ್‌ಓಪನ್ ಎಂಬ ಕರೆಯಿಂದ ಬರುವಂಥವು. ಬೈನರಿಯ ‘ಬೇಕು’ ಪಟ್ಟಿಯಲ್ಲಿ ಇವುಗಳ ಹೆಸರಿರುವುದಿಲ್ಲ, ಆದ್ದರಿಂದ ಎಸ್‌ಎಚ್‌ಲಿಬ್‌ಡೆಪ್ಸ್ ಕಣ್ಣಿಗೂ ಬೀಳುವುದಿಲ್ಲ. ಅವಲಂಬನೆಯ ಚರ್ಚೆಯೆಲ್ಲ ಆವೃತ್ತಿ ಸಂಖ್ಯೆಗಳ ಸುತ್ತ ತಿರುಗುತ್ತದೆ, ಆದರೆ ನನ್ನ ಅನುಭವದಲ್ಲಿ ಹೆಚ್ಚು ಕಾಟ ಕೊಟ್ಟವು ಪಟ್ಟಿಯಲ್ಲೇ ಇಲ್ಲದವು. ಸಂಖ್ಯೆ ತಪ್ಪಿದರೆ ಯಂತ್ರ ಕೂಗಿ ಹೇಳುತ್ತದೆ. ಇವು ಬಾಯಿ ಬಿಡುವುದಿಲ್ಲ.

ವಿಚಿತ್ರವೆಂದರೆ ಕಾಣುವ ಪಟ್ಟಿ ಉದ್ದವಾದರೂ ಅಪಾಯವೇ. 2024ರ ಮಾರ್ಚ್ ಕೊನೆಯಲ್ಲಿ ಬಯಲಾದ, ಕಡತ ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರಿನ ಪ್ರಕರಣ ಅದನ್ನು ತೋರಿಸಿತು. ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು, ಗುರಿ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್. ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನೇರ ಸಂಬಂಧ ಇಲ್ಲ. ಆದರೆ ಡೆಬಿಯನ್, ಫೆಡೋರಾ ಮುಂತಾದವು ‘ನಾನು ಎದ್ದೆ’ ಎಂದು, ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಂಡಿಗೆ ತಿಳಿಸಲು ಎಸ್‌ಎಸ್‌ಎಚ್ ಸರ್ವರಿಗೆ ಲಿಬ್‌ಸಿಸ್ಟಂಡಿಯನ್ನು ಸೇರಿಸಿದ್ದವು, ಲಿಬ್‌ಸಿಸ್ಟಂಡಿ ಎಕ್ಸ್‌ಝಡ್‌ನ ಲಿಬ್‌ಎಲ್‌ಝಡ್‌ಎಂಎಯನ್ನು ಎಳೆದು ತಂದಿತ್ತು. ನೆಂಟರ ನೆಂಟ ಮನೆಯೊಳಗೆ ಬಂದಂತೆ. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿಬಿತ್ತು.

ಅದೇ ವರ್ಷದ ಜೂನಿನಲ್ಲಿ ಬಂದ ಸಿಸ್ಟಂಡಿ 256, ಲಿಬ್‌ಎಲ್‌ಝಡ್‌ಎಂಎಯಂಥ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ಡಿಎಲ್‌ಓಪನ್‌ನಿಂದ ತೆರೆಯುವಂತೆ ಮಾಡಿತು. ಭದ್ರತೆಗೆ ಒಳ್ಳೆಯದು, ಪ್ಯಾಕೇಜ್ ಕಟ್ಟುವವರಿಗೆ ಮಾತ್ರ ಇನ್ನಷ್ಟು ಕಾಣದ ಅವಲಂಬನೆಗಳು. ಅದಕ್ಕಾಗಿ ಸಿಸ್ಟಂಡಿಯವರೇ ಒಂದು ಉಪಾಯ ಹೂಡಿದರು: ಯಾವ ಲೈಬ್ರರಿಯನ್ನು ಹೀಗೆ ತೆರೆಯುತ್ತೇನೆ, ಅದು ಕಡ್ಡಾಯವೋ ಐಚ್ಛಿಕವೋ ಎಂಬ ಟಿಪ್ಪಣಿಯನ್ನು ಬೈನರಿಯೊಳಗೇ ಬರೆದಿಡುವುದು. ಉಪಕರಣಗಳು ಅದನ್ನು ಓದಿ ‘ಡಿಪೆಂಡ್ಸ್’ ಅಥವಾ ‘ರೆಕಮೆಂಡ್ಸ್’ ಸಾಲು ತುಂಬಬಹುದು. ಈ ರೂಢಿ ಎಲ್ಲ ಲೈಬ್ರರಿಗಳಿಗೂ ಹಬ್ಬಿದ್ದರೆ ನನ್ನ ಮೂರು ದಿನ ಉಳಿಯುತ್ತಿದ್ದವು.

ನಾನೀಗ ಮಾಡುವುದು ಬುತ್ತಿಯೂ ಅಲ್ಲ, ಪೂರ್ತಿ ಹೋಟೆಲೂ ಅಲ್ಲ. ಪಿಪ್ ಪಿಲ್ಲೋ ಬಿಟ್ಟೆ. ವಿತರಣೆಯದೇ ಪೈಥಾನ್3-ಪಿಲ್ ಪ್ಯಾಕೇಜನ್ನು ನೆಚ್ಚಿದ್ದೇನೆ. ಅದು ಹೊಸತಲ್ಲ, ಆದರೆ ರಾಕ್ಮ್ ಅನ್ನೂ ಅದರ ಬೆನ್ನಿಗೆ ಫ್ರಿಬಿಡಿಯನ್ನೂ ತಾನೇ ಕರೆತರುತ್ತದೆ, ದೋಷ ಸಿಕ್ಕರೆ ತೇಪೆ ಹಾಕಲು ಡೆಬಿಯನ್‌ನ ಜನ ಇದ್ದಾರೆ. ಫಾಂಟಿಗೆ ಫಾಂಟ್ಸ್-ನವಿಲು. ತೂಕದ ಯಂತ್ರದ ಒಂದು ಅಪರೂಪದ ಲೈಬ್ರರಿ ಯಾವ ಭಂಡಾರದಲ್ಲೂ ಇಲ್ಲ. ಅದೊಂದನ್ನು ಮಾತ್ರ ಒಳಗೆ ತುಂಬಿ, ಆವೃತ್ತಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅದು ಹಳಸಿದರೆ ನೋಡಬೇಕಾದವನು ನಾನು. ಪರೀಕ್ಷೆಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮಾಡುವುದನ್ನು ನಿಲ್ಲಿಸಿದೆ. ಖಾಲಿ ಡೆಬಿಯನ್ ಕಂಟೇನರಿಗೆ ಡೆಬ್ ಹಾಕಿ, ‘ತಟ್ಟಿಬೆಟ್ಟೆ’ ಎಂದು ಬರೆಸಿ ಚಿತ್ರ ನೋಡುತ್ತೇನೆ. ಜೊತೆಗೆ ಪ್ರೋಗ್ರಾಂ ಏಳುವಾಗಲೇ ರಾಕ್ಮ್ ಇದೆಯೇ ಎಂದು ಪಿಲ್ಲೋವನ್ನು ಕೇಳಿ, ಇಲ್ಲವೆಂದರೆ ಮುದ್ರಿಸದೆ ನಿಂತುಬಿಡುವಂತೆ ಮಾಡಿದ್ದೇನೆ. ಇದಕ್ಕೆ ಆಕ್ಷೇಪವೂ ಬಂತು, ಮಹಸೂಲು ತಂದವರು ಸಾಲಿನಲ್ಲಿ ನಿಂತಿರುವಾಗ ಚೀಟಿ ನಿಲ್ಲಬಾರದು ಎಂದು. ಅವರ ಮಾತಿನಲ್ಲೂ ಅರ್ಥವಿದೆ. ಆದರೆ ರೈತರು ಮನೆಗೊಯ್ದು ಡಬ್ಬಿಯಲ್ಲಿಡುವ ಕಾಗದದ ಮೇಲೆ ಒಡೆದ ಕನ್ನಡ ಹಾಕಿಕೊಡಲು ನನಗೆ ಮನಸ್ಸಾಗಲಿಲ್ಲ.

ಡೆಬಿಯನ್ 12ರ ಸಾಮಾನ್ಯ ಭದ್ರತಾ ಬೆಂಬಲದ ಗಡುವು 2026ರ ಜೂನ್, ದೀರ್ಘಾವಧಿಯದು 2028ರ ಜೂನ್. ವಖಾರಿಯ ಯಂತ್ರಕ್ಕೆ ಡೆಬಿಯನ್ 13 ಹಾಕುವಾಗ ಟಿ64 ಬಾಲಗಳ ಲೆಕ್ಕ ಮತ್ತೊಮ್ಮೆ ನೋಡಬೇಕು. ಸದ್ಯಕ್ಕೆ ಸಿದ್ದಾಪುರದಿಂದ ಬಂದಿರುವ ಹೊಸ ದೂರು ಬೇರೆ: ಚೀಟಿಯಲ್ಲಿ ‘ಬಿಳಿಗೋಟು’ ಎಂದಿದೆಯಂತೆ, ಅಲ್ಲಿ ಎಲ್ಲರೂ ಬರೆಯುವುದು ‘ಬಿಳೆಗೋಟು’. ಆ ಪದ ನನ್ನ ಕೋಡಿನಲ್ಲೇ ಇದೆ, ಐದು ನಿಮಿಷದ ಕೆಲಸ.